ಸರ್ಕಾರಿ ಗೊಬ್ಬರದ ತವರುಮನೆ

ನಮ್ಮ ಕಡೆ ಗೊಬ್ಬರದಲ್ಲಿ ಎರಡೇ ಜಾತಿ. ಒಂದು ಕೊಟ್ಟಿಗೆ ಗೊಬ್ಬರ, ಇನ್ನೊಂದು ಸರ್ಕಾರಿ ಗೊಬ್ಬರ. ದನ ಕೊಡೋದು ಮೊದಲನೆಯದು, ಉಳಿದಿದ್ದೆಲ್ಲಾ ಎರಡನೆಯದು. ಯೂರಿಯಾ, ಡಿಎಪಿ, ಪೊಟ್ಯಾಷ್, ಕಾಂಪ್ಲೆಕ್ಸ್, ಸೂಪರ್ ಎಲ್ಲವೂ ಸರ್ಕಾರಿಯೇ. ತಯಾರಿಸೋ ಕಂಪನಿ ಖಾಸಗಿ, ಮಾರೋ ಅಂಗಡಿ ಖಾಸಗಿ, ಹೊತ್ತು ತರೋ ಟ್ರ್ಯಾಕ್ಟರ್ ಪಕ್ಕದ ಮನೆಯವರದ್ದು, ಆದರೂ ಹೆಸರು ಮಾತ್ರ ಸರ್ಕಾರಿ ಗೊಬ್ಬರ. ಹಾಗನ್ನೋದರಲ್ಲಿ ತಪ್ಪೂ ಇಲ್ಲ ಬಿಡಿ. ಬೆಲೆಯ ಲಗಾಮು ದೆಹಲಿ ಕೈಲಿದೆ, ಸಬ್ಸಿಡಿ ದೆಹಲಿ ಕಟ್ಟುತ್ತೆ, 2022ರ ಅಕ್ಟೋಬರ್‌ನಿಂದ ಎಲ್ಲಾ ಕಂಪನಿಗಳ ಚೀಲದ ಮೇಲೂ ದೊಡ್ಡದಾಗಿ ‘ಭಾರತ್’ ಅಂತ ಅಚ್ಚು ಬೇರೆ ಬರ್ತಿದೆ. ನಮ್ಮ ಅಜ್ಜಂದಿರು ಇಟ್ಟ ಹೆಸರನ್ನ ಸರ್ಕಾರ ತಡವಾಗಿ ಒಪ್ಪಿಕೊಂಡಂಗಾಯ್ತು.

ಆದರೆ ಯಾವ ಸರ್ಕಾರ ಅಂತ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಯೂರಿಯಾದ ಸಾರಜನಕ ಗಾಳಿಯಲ್ಲಿದೆ, ಗ್ಯಾಸ್ ಸಿಕ್ಕರೆ ಯಾವ ದೇಶದಲ್ಲಾದರೂ ಮಾಡಬಹುದು. ಡಿಎಪಿಯಲ್ಲಿರೋ ರಂಜಕ ಹಾಗಲ್ಲ. ಅದನ್ನ ಗಾಳಿಯಿಂದ ತೆಗೆಯೋಕಾಗಲ್ಲ, ಕಾರ್ಖಾನೆಯಲ್ಲಿ ಹುಟ್ಟಿಸೋಕಾಗಲ್ಲ, ಅದರ ಬದಲಿಗೆ ಇನ್ನೊಂದನ್ನ ಹಾಕ್ತೀನಿ ಅಂದರೆ ಗಿಡ ಒಪ್ಪಲ್ಲ. ಕಲ್ಲಿನಿಂದಲೇ ತೆಗೀಬೇಕು. ಆ ಕಲ್ಲು ನಮ್ಮ ದೇಶದಲ್ಲಿ ರಾಜಸ್ಥಾನದ ಜಾಮರ್‌ಕೋಟ್ರಾ, ಮಧ್ಯಪ್ರದೇಶದ ಝಾಬುವಾದಂಥ ಕೆಲವೇ ಜಾಗಗಳಲ್ಲಿದೆ, ನಮ್ಮ ಹಸಿವಿಗೆ ಅದು ಉಪ್ಪಿನಕಾಯಿಗೂ ಸಾಲಲ್ಲ. ಜಗತ್ತಿನಲ್ಲಿ ಗೊತ್ತಿರೋ ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ಸುಮಾರು ಮೂರನೇ ಎರಡು ಭಾಗ ಇರೋದು ಒಂದೇ ಕಡೆ. ಉತ್ತರ ಆಫ್ರಿಕಾದ ಮೊರಾಕ್ಕೊ, ಮತ್ತು ಅದು ಹಿಡಿದುಕೊಂಡಿರೋ ಪಶ್ಚಿಮ ಸಹಾರಾ.

50 ಕೆಜಿ ಡಿಎಪಿ ಚೀಲದ ಮೇಲೆ 18:46 ಅಂತ ಬರೆದಿರುತ್ತೆ. ಅಂದರೆ 9 ಕೆಜಿ ಸಾರಜನಕ, 23 ಕೆಜಿ ರಂಜಕದ ಲೆಕ್ಕ. ನಮ್ಮವರು ದುಡ್ಡು ಕೊಡೋದು ಆ 23 ಕೆಜಿಗೆ. ಅದು ನಮ್ಮ ದೇಶಕ್ಕೆ ಮೂರು ವೇಷದಲ್ಲಿ ಬರುತ್ತೆ. ಕಲ್ಲಾಗಿ, ಫಾಸ್ಫಾರಿಕ್ ಆಸಿಡ್ ಆಗಿ, ಇಲ್ಲಾ ತಯಾರಾದ ಡಿಎಪಿಯಾಗಿ. ಸೌದಿ, ಜೋರ್ಡಾನ್, ಚೀನಾ, ರಷ್ಯಾ, ಟ್ಯುನೀಶಿಯಾ, ಸೆನೆಗಲ್ ಎಲ್ಲರಿಂದಲೂ ಒಂದಲ್ಲ ಒಂದು ರೂಪದಲ್ಲಿ ತರಿಸ್ತೀವಿ. ಆದರೆ ಮೂರೂ ವೇಷದಲ್ಲಿ ಹಾಜರಾಗಿ, ಬೆಲೆ ಮಾತಾಡೋ ಕುರ್ಚಿಯಲ್ಲಿ ಕೂರೋನು ಮೊರಾಕ್ಕೊದ ಸರ್ಕಾರಿ ಕಂಪನಿ ಓಸಿಪಿ. ಆಸಿಡ್ ಬೆಲೆ ಮೂರು ಮೂರು ತಿಂಗಳಿಗೆ ಅವರಿಗೂ ನಮ್ಮ ಕಂಪನಿಗಳಿಗೂ ಮಾತುಕತೆಯಾಗಿ ನಿಗದಿಯಾಗುತ್ತೆ. ಅವತ್ತು ಅಲ್ಲಿ ಏನು ನಿಂತಿತೋ ಅದರ ಬಿಸಿ ಮುಂದಿನ ನಾಟಿಗೆ ನಮ್ಮ ಗದ್ದೆ ಬದುವಿಗೆ ತಟ್ಟುತ್ತೆ.

ಶಂಕರಘಟ್ಟ ಅಂದರೆ ಹೊರಗಿನವರಿಗೆ ಕುವೆಂಪು ವಿಶ್ವವಿದ್ಯಾಲಯ. ಸುತ್ತಲಿನ ಹಳ್ಳಿಯ ನಮಗೆ ಡ್ಯಾಮು, ಚಾನಲ್ಲು. ಭದ್ರಾ ಜಲಾಶಯ 186 ಅಡಿ ತುಂಬಿತಾ ಇಲ್ವಾ ಅನ್ನೋದೇ ನಮ್ಮ ಶೇರು ಮಾರುಕಟ್ಟೆ. ಬೆಂಗಳೂರಲ್ಲಿ ಸಹೋದ್ಯೋಗಿಗಳು ಸೆನ್ಸೆಕ್ಸ್ ನೋಡುವಾಗ ನಾನು ಇವತ್ತಿಗೂ ಒಳಹರಿವು ಎಷ್ಟು ಕ್ಯುಸೆಕ್ ಅಂತ ನೋಡ್ತೀನಿ. ಚಾನಲ್‌ಗೆ ನೀರು ಬಿಡ್ತಾರೆ ಅಂತ ಗೊತ್ತಾದ ವಾರವೇ ಸೊಸೈಟಿ ಮುಂದೆ ಡಿಎಪಿ ಕ್ಯೂ ಶುರು. ನಮ್ಮ ಚಿಕ್ಕಪ್ಪನ ಫೋನ್‌ಗಳಿಗೆ ಆ ವಾರ ಒಂದೇ ವಿಷಯ: ‘ಬಂದೈತಂತೆ’, ‘ಬಂದಿಲ್ವಂತೆ’, ‘ನಾಳೆ ಲೋಡ್ ಬರ್ತೈತಂತೆ’. ಬಂದರೂ ಕೆಲವು ಅಂಗಡಿಗಳಲ್ಲಿ ಡಿಎಪಿ ಜೊತೆ ಬೇಡದ ಬಾಟಲಿಯೊಂದನ್ನ ಕಟ್ಟಿ ಕೊಡ್ತಾರೆ. ‘ಲಿಂಕ್’ ಅಂತಾರೆ ಅದಕ್ಕೆ. ನಮ್ಮ ಫೀಲ್ಡಲ್ಲಿ ಬಂಡಲಿಂಗ್ ಅಂತೀವಲ್ಲ, ಅದೇ.

ಮೊರಾಕ್ಕೊ ಬಗ್ಗೆ ನಾನು ಓದೋಕೆ ಶುರುಮಾಡಿದ್ದಕ್ಕೆ ಕಾರಣ ಗೊಬ್ಬರವಲ್ಲ, ಸ್ವಾರ್ಥ. ನಮ್ಮ ಫ್ರೆಂಚ್ ಕ್ಲೈಂಟು ಅರ್ಧ ಕೆಲಸವನ್ನ ಬೆಂಗಳೂರಿಂದ ತೆಗೆದು ಕಾಸಾಬ್ಲಾಂಕಾಗೆ ಕೊಡೋಕೆ ಹೊರಟಿತ್ತು. ಫ್ರೆಂಚ್ ಮಾತಾಡ್ತಾರೆ, ಪ್ಯಾರಿಸ್‌ಗೂ ಅವರಿಗೂ ಗಡಿಯಾರದ ವ್ಯತ್ಯಾಸ ಹೆಚ್ಚೆಂದರೆ ಒಂದು ಗಂಟೆ, ವಿಮಾನದಲ್ಲಿ ಮೂರು ಗಂಟೆ ದಾರಿ. ನಾವು ಸ್ಪರ್ಧೆಗೆ ನಿಲ್ಲೋದು ಹೇಗೆ? ಹಸ್ತಾಂತರದ ಕರೆಗಳಲ್ಲಿ ಅಲ್ಲಿನ ಎಂಜಿನಿಯರ್ ಒಬ್ಬನ ಪರಿಚಯವಾಯ್ತು, ನನ್ನದೇ ವಯಸ್ಸು. ಒಂದು ದಿನ ಬಿಲ್ಡ್ ಓಡೋ ತನಕ ಕಾಯ್ತಾ ಊರಿನ ಮಾತು ಬಂತು. ಅವನದು ಖುರಿಬ್ಗಾ ಹತ್ತಿರದ ಹಳ್ಳಿ, ಅವನಪ್ಪ ಫಾಸ್ಫೇಟ್ ಗಣಿಯಲ್ಲಿದ್ದವರು. ‘ನಿಮ್ಮೂರಿನ ಕಲ್ಲು ನಮ್ಮೂರಿನ ಗದ್ದೆಗೆ ಬರುತ್ತೆ ಕಣಪ್ಪ’ ಅನ್ನೋ ಅರ್ಥದಲ್ಲಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ‘ಗೊತ್ತು, ಇಂಡಿಯಾದ ಮಳೆ ಚೆನ್ನಾಗಿದೆ ಅಂದರೆ ನಮ್ಮಪ್ಪನಿಗೆ ಆ ವರ್ಷ ಓವರ್‌ಟೈಮ್ ಹೆಚ್ಚು’ ಅಂದ. ನಮ್ಮ ಮಳೆಯ ಸುದ್ದಿಯನ್ನ ಆಫ್ರಿಕಾದ ಗಣಿಯೂರೊಂದರ ಮನೆಯಲ್ಲಿ ಕೇಳಿಸಿಕೊಳ್ತಾರೆ ಅನ್ನೋದು ನನಗೆ ಹೊಸದು. ಅವತ್ತಿಂದ ಓದು ಶುರು.

ಖುರಿಬ್ಗಾದಲ್ಲಿ ಫ್ರೆಂಚರ ಆಡಳಿತದಲ್ಲಿ ಗಣಿ ಶುರುವಾಗಿದ್ದು 1921ರಲ್ಲಿ. ಅದರ ಹಿಂದಿನ ವರ್ಷ ಓಸಿಪಿ ಹುಟ್ಟಿತ್ತು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಅಡಿಗಲ್ಲು ಬಿದ್ದು, 1923ರಲ್ಲಿ ಕಬ್ಬಿಣ ಕರಗಿ ಹರಿದಿದ್ದು. ಹೆಚ್ಚುಕಡಿಮೆ ಓರಗೆಯವರು. ವ್ಯತ್ಯಾಸ ಏನಂದರೆ, ವಿಶ್ವೇಶ್ವರಯ್ಯನವರು ಕೆಮ್ಮಣ್ಣುಗುಂಡಿಯ ಅದಿರನ್ನ ಇಲ್ಲೇ ಕರಗಿಸಬೇಕು ಅಂತ ಹಠ ಹಿಡಿದರು. ಅಲ್ಲಿ ಫ್ರೆಂಚರು ಅಗೆದು, ತೊಳೆದು, ಹಡಗಿಗೆ ಹಾಕಿ ಕಳಿಸಿದರು. 1956ರಲ್ಲಿ ಸ್ವಾತಂತ್ರ್ಯ ಬಂದಾಗ ಮೊರಾಕ್ಕೊ ಅಂದರೆ ಕಲ್ಲು, ಕಿತ್ತಳೆ, ಸಾರ್ಡೀನ್ ಮೀನು ಮಾರೋ ದೇಶ. ಬಿಳಿ ಮಣ್ಣನ್ನ ಟನ್ನಿಗೆ ಇಷ್ಟು ಡಾಲರ್ ಅಂತ ಕೊಟ್ಟು, ಅದರಿಂದಲೇ ಮಾಡಿದ ಗೊಬ್ಬರಕ್ಕೆ ಯುರೋಪಿನವರು ಹಾಕೋ ಬೆಲೆಯನ್ನ ನೋಡ್ತಾ ಕೂತಿದ್ದ ದೇಶ.

1974ರಲ್ಲಿ ಅವರಿಗೆ ರೋಸಿಹೋಯ್ತು. ಅರಬ್ಬರು ತೈಲದ ಬೆಲೆ ಏರಿಸಿದ್ದನ್ನ ನೋಡಿ ಎರಡನೇ ಹಸನ್ ರಾಜ ಫಾಸ್ಫೇಟ್ ಕಲ್ಲಿನ ಬೆಲೆಯನ್ನ ಒಂದೇ ಏಟಿಗೆ ಮೂರು ಪಟ್ಟು ಮಾಡಿಸಿದ. ಎರಡು ವರ್ಷ ಹಬ್ಬ. ಆ ಹಬ್ಬದ ಭರವಸೆಯಲ್ಲಿ ಸಾಲ ಎತ್ತಿದರು. ಆಮೇಲೆ ಕೊಳ್ಳೋರು ಕೈ ಬಿಗಿ ಹಿಡಿದರು, ಬೆಲೆ ಜಾರಿತು, ಸಾಲ ಉಳೀತು. 1983ರಲ್ಲಿ ಐಎಂಎಫ್ ಬಾಗಿಲಲ್ಲಿ ನಿಂತು ಸಬ್ಸಿಡಿ ಕಡಿತ, ಖರ್ಚು ಕಡಿತ ಎಲ್ಲಾ ಒಪ್ಪಿಕೊಂಡರು. ಎಂಟು ವರ್ಷ ಬಿಟ್ಟು 1991ರಲ್ಲಿ ನಮ್ಮ ಸರದಿ ಬಂತು ಅನ್ನೋದು ನಿಮಗೆ ಗೊತ್ತೇ ಇದೆ.

ಆ ಪೆಟ್ಟಿಂದ ಅವರು ಕಲಿತಿದ್ದು ನನಗೆ ಇಷ್ಟವಾಗುತ್ತೆ. ಕಲ್ಲಿನ ಬೆಲೆ ಏರಿಸೋದರ ಬದಲು ಕಲ್ಲನ್ನೇ ಮಾರೋದು ಕಡಿಮೆ ಮಾಡ್ತಾ ಬಂದರು. ಸಫಿಯಲ್ಲಿ 1965ರಲ್ಲೇ ಆಸಿಡ್ ಕಾರ್ಖಾನೆ ಶುರುವಾಗಿತ್ತು. 1986ರಲ್ಲಿ ಅಟ್ಲಾಂಟಿಕ್ ದಡದ ಜೊರ್ಫ್ ಲಸ್ಫರ್‌ನಲ್ಲಿ ಇನ್ನೂ ದೊಡ್ಡದು ಬಂತು. ಅದಕ್ಕಿಂತ ಜಾಣತನ ಅಂದರೆ, ಗಿರಾಕಿಯನ್ನೇ ಪಾಲುದಾರನನ್ನಾಗಿ ಮಾಡಿಕೊಂಡರು. ಜೊರ್ಫ್ ಲಸ್ಫರ್‌ನಲ್ಲಿರೋ ‘ಇಂಡೋ ಮರೋಕ್ ಫಾಸ್ಫೋರ್’ ಅನ್ನೋ ಆಸಿಡ್ ಕಾರ್ಖಾನೆಯಲ್ಲಿ ನಮ್ಮ ಚಂಬಲ್ ಮತ್ತು ಟಾಟಾ ಕೆಮಿಕಲ್ಸ್‌ಗೆ ಪಾಲಿದೆ. 2002ರಲ್ಲಿ ಕೇಂದ್ರ ಸರ್ಕಾರ ಒಡಿಶಾದ ಪಾರದೀಪ್ ಫಾಸ್ಫೇಟ್ಸ್ ಮಾರಾಟಕ್ಕಿಟ್ಟಾಗ ಜುವಾರಿಯವರ ಜೊತೆ ಸೇರಿ ಕೊಂಡಿದ್ದು ಇದೇ ಓಸಿಪಿ. ನಮ್ಮ ಮಂಗಳೂರಿನ ಎಂಸಿಎಫ್, ಅದೇ ‘ಮಂಗಳ’ ಗೊಬ್ಬರದ ಕಂಪನಿ, ಈಗ ಆ ಪಾರದೀಪ್ ಜೊತೆ ವಿಲೀನವಾಗಿದೆ. ಅಂದರೆ ನಮ್ಮೂರಿಗೆ ಬರೋ ಮಂಗಳ ಡಿಎಪಿಯ ಆಸಿಡ್‌ಗೆ ಮಾತ್ರವಲ್ಲ, ಕಾರ್ಖಾನೆಯ ಷೇರುಪಟ್ಟಿಗೂ ಖುರಿಬ್ಗಾದ ದಾರಿ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ವೆಂಡರ್ ಲಾಕ್-ಇನ್.

ಇಲ್ಲಿ ನಮ್ಮ ನದಿಯ ಕಥೆ ಹೇಳದಿದ್ದರೆ ಆಗಲ್ಲ. ಶಂಕರಘಟ್ಟದ ಪಕ್ಕದ ಡ್ಯಾಮಿಗೆ ಬರೋ ಭದ್ರೆ ಹುಟ್ಟೋದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ಅದೇ ಸೀಮೆಯಲ್ಲಿ ಕಬ್ಬಿಣದ ಗಣಿ ಮಾಡೋಕೆ 1976ರಲ್ಲಿ ಕಂಪನಿ ಕಟ್ಟಿದರು. ದುಡ್ಡು ಯಾರದ್ದು? ಇರಾನಿನ ಷಾ ಕೊಡ್ತೀನಿ ಅಂದ 63 ಕೋಟಿ ಡಾಲರ್ ಸಾಲ. ಅದಿರು ಯಾರಿಗೆ? ಅದೇ ಇರಾನಿಗೆ, 21 ವರ್ಷಕ್ಕೆ 15 ಕೋಟಿ ಟನ್. ಗುಡ್ಡ ಅಗೆದು, ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಪಣಂಬೂರು ಬಂದರಿಗೆ ಕಳಿಸೋ ಏರ್ಪಾಡು. ಎಲ್ಲಾ ತಯಾರಾಗೋ ಹೊತ್ತಿಗೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಹೊಸ ಸರ್ಕಾರ ಬೇಡ ಅಂತು. ಒಬ್ಬನೇ ಗಿರಾಕಿಯನ್ನ ನಂಬಿ ಕಟ್ಟಿದ ಅಂಗಡಿಗೆ ಗಿರಾಕಿಯೇ ಇಲ್ಲ. ಆಮೇಲೆ ಬೇರೆ ಬೇರೆ ದೇಶ ಹುಡುಕಿ, ಮಂಗಳೂರಲ್ಲಿ ಉಂಡೆ ಕಟ್ಟೋ ಘಟಕ ಹಾಕಿ ಹೇಗೋ ನಡೆಸಿದರು. ಕೊನೆಗೆ ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಇಪ್ಪತ್ತೈದು ವರ್ಷ ಮಳೆಗಾಲದಲ್ಲಿ ಕೆಳಗೆ ಹರಿದ ಹೂಳು ನಮ್ಮ ಭದ್ರೆಯ ಪಾಲಿಗೆ ಬಂತು. ಗಣಿಯ ಕೆಸರನ್ನ ತಡೆದಿಟ್ಟ ಲಕ್ಯಾ ಅಣೆಕಟ್ಟು ಈಗಲೂ ಅಲ್ಲಿದೆ.

ಈಗ ಇದನ್ನ ಕೇಳಿ. 2014ರಲ್ಲಿ ಓಸಿಪಿ ಖುರಿಬ್ಗಾದಿಂದ ಜೊರ್ಫ್ ಲಸ್ಫರ್‌ಗೆ ಪೈಪ್‌ಲೈನ್ ಹಾಕಿತು. ಅದಿರನ್ನ ಪುಡಿ ಮಾಡಿ ನೀರಲ್ಲಿ ಕಲಸಿ ಸಮುದ್ರದ ಕಡೆ ಇಳಿಸೋದು, 187 ಕಿಲೋಮೀಟರ್. ಕುದುರೆಮುಖದ್ದೇ ತಂತ್ರ, ಮೂರು ದಶಕ ತಡವಾಗಿ. ಆದರೆ ಅವರ ಪೈಪಿನ ತುದಿಯಲ್ಲಿ ಆಸಿಡ್ ಕಾರ್ಖಾನೆ, ಗೊಬ್ಬರದ ಕಾರ್ಖಾನೆ. ನಮ್ಮ ಪೈಪಿನ ತುದಿಯಲ್ಲಿ ಹಡಗು. ಆ ಪಣಂಬೂರು ಬಂದರಿನಲ್ಲೇ ಎಂಸಿಎಫ್ ಕೂಡ ಇರೋದು. ಭದ್ರೆಯ ತಲೆಯಿಂದ ಕಬ್ಬಿಣ ಹೋದ ಬಾಗಿಲಲ್ಲೇ ಭದ್ರೆಯ ಕಾಲ್ದೆಸೆಯ ಗದ್ದೆಗಳಿಗೆ ರಂಜಕ ಬಂತು.

ಹಾಗಂತ ‘ಕಚ್ಚಾ ಮಾಲು ಮಾರಬೇಡಿ, ಕಾರ್ಖಾನೆ ಕಟ್ಟಿ, ಉದ್ಧಾರ ಆಗ್ತೀರಿ’ ಅನ್ನೋ ಲಿಂಕ್ಡ್‌ಇನ್ ಭಾಷಣ ಮಾಡೋಕೆ ನನಗೆ ಮನಸ್ಸಿಲ್ಲ. ಭದ್ರಾವತಿಯಲ್ಲಿ ಬೆಳೆದವರ ಮುಂದೆ ಆ ಮಾತು ನಡೆಯಲ್ಲ. ನಾವು ಕಾರ್ಖಾನೆ ಕಟ್ಟಿದ್ವಿ. ಉಕ್ಕು, ಕಾಗದ, ಸಕ್ಕರೆ, ಸಿಮೆಂಟ್, ಯಾವುದಿರಲಿಲ್ಲ ಹೇಳಿ? ಎಂಪಿಎಂ ಗೇಟಿಗೆ ಬೀಗ ಬಿದ್ದು ಹತ್ತು ವರ್ಷ. ವಿಐಎಸ್‌ಎಲ್ 1998ರಲ್ಲಿ ಸೈಲ್ ಜೊತೆ ಸೇರಿತು, ಮುಚ್ಚೋ ಮಾತು ಬಂದಾಗಲೆಲ್ಲ ಗೇಟಿನ ಮುಂದೆ ಶಾಮಿಯಾನ ಏಳುತ್ತೆ. ಕಬ್ಬಿಣದ ಅದಿರು ಜಗತ್ತಿನ ಹತ್ತು ಕಡೆ ಸಿಗುತ್ತೆ, ನಮಗಿಂತ ಅಗ್ಗಕ್ಕೆ ಉಕ್ಕು ಮಾಡೋರು ನೂರು ಜನ ಇದ್ದಾರೆ. ಮೊರಾಕ್ಕೊದ ಅದೃಷ್ಟ ಕಾರ್ಖಾನೆಯಲ್ಲಿ ಮಾತ್ರ ಇಲ್ಲ, ಬೇರೆಯವರ ಹತ್ತಿರ ಇಲ್ಲದ ಮಣ್ಣಿನಲ್ಲಿದೆ. ಎರಡೂ ಒಟ್ಟಿಗೆ ಇದ್ದಿದ್ದರಿಂದ ಅವರು ಬೆಲೆ ಹೇಳೋರಾದರು.

ಬೆಲೆ ಹೇಳೋದು ಅಂದರೆ ಏನು ಅಂತ ನಮ್ಮ ರಾಜ್ಯಕ್ಕೆ ಗೊತ್ತಾಗಿದ್ದು 2008ರಲ್ಲಿ. ಹಿಂದಿನ ವರ್ಷದ ಆರಂಭದಲ್ಲಿ ಟನ್ನಿಗೆ 300 ಡಾಲರ್ ಒಳಗಿದ್ದ ಡಿಎಪಿ ಆ ಬೇಸಿಗೆಗೆ 1,000 ದಾಟಿತ್ತು. 50 ಡಾಲರ್ ಆಸುಪಾಸಿನ ಕಲ್ಲು 400ರ ಮೇಲೆ ಹೋಯ್ತು. ನಮ್ಮಲ್ಲಿ ರೈತರಿಗೆ ಆಗ ಡಿಎಪಿ ಟನ್ನಿಗೆ 9,350 ರೂಪಾಯಿ, ಅಂದರೆ ಚೀಲಕ್ಕೆ 467 ಚಿಲ್ಲರೆ. ಅವತ್ತಿನ ಡಾಲರ್ ಲೆಕ್ಕದಲ್ಲಿ ತರಿಸೋಕೆ 40,000ಕ್ಕೂ ಮೇಲೆ ಖರ್ಚು. ನಡುವಿನ ಅಂತರ ಪೂರ್ತಿ ಸಬ್ಸಿಡಿ. ಇಂಥ ಹೊತ್ತಲ್ಲಿ ತರಿಸೋನು ಹಿಂಜರೀತಾನೆ, ಇರೋನು ಬಚ್ಚಿಡ್ತಾನೆ. ಮುಂಗಾರು ಬೇಗ ಬಂತು, ಗೊಬ್ಬರ ಬರಲಿಲ್ಲ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಜೀವ ಕಳ್ಕೊಂಡರು. ನಮ್ಮ ಜಿಲ್ಲೆಯವರೇ ಮುಖ್ಯಮಂತ್ರಿಯಾಗಿ ಎರಡು ವಾರವೂ ಆಗಿರಲಿಲ್ಲ. ನಾನಾಗ ಬಿಇ ಓದ್ತಿದ್ದೆ. ಊರಲ್ಲಿ ಬೈಸಿಕೊಂಡವರು ದಲ್ಲಾಳಿಗಳು, ಅಧಿಕಾರಿಗಳು, ಮಂತ್ರಿಗಳು. ಬೈಗುಳ ಅವರಿಗೆ ಸಲ್ಲಬೇಕಾದ್ದೇ. ಆದರೆ ಆ ಕ್ಯೂ ಯಾಕೆ ಅಷ್ಟು ಉದ್ದವಾಯ್ತು ಅನ್ನೋದರ ಒಂದು ತುದಿ ಖುರಿಬ್ಗಾದಲ್ಲೂ ಇತ್ತು, ಚೀನಾದಲ್ಲೂ ಇತ್ತು, ದೆಹಲಿಯ ಸಬ್ಸಿಡಿ ಕಡತದಲ್ಲೂ ಇತ್ತು. ಗುಂಡು ತಗುಲಿದ್ದು ಮಾತ್ರ ಹಾವೇರಿಯವರಿಗೆ.

ಎರಡನೇ ಸಲ 2021. ಏಪ್ರಿಲ್‌ನಲ್ಲಿ 1,200ರ ಚೀಲ 1,900 ಆಗುತ್ತೆ ಅಂತ ಸುದ್ದಿ ಬಂತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಚೀಲಕ್ಕೆ 500 ಇದ್ದ ಸಬ್ಸಿಡಿಯನ್ನ 1,200 ಮಾಡಿ, ರೈತರಿಗೆ 1,200ಕ್ಕೇ ಸಿಗೋ ಹಾಗೆ ಮಾಡ್ತು. ಅಸಲು ಬೆಲೆ 2,400. ಅಕ್ಟೋಬರ್‌ನಲ್ಲಿ ಚೀನಾ ರಫ್ತಿಗೆ ಅಡ್ಡಗಾಲು ಹಾಕ್ತು, 2022ರಲ್ಲಿ ಉಕ್ರೇನ್ ಯುದ್ಧ. ಆ ವರ್ಷದ ಮಧ್ಯದಲ್ಲಿ ಆಸಿಡ್ ಬೆಲೆ ಟನ್ನಿಗೆ 1,700 ಡಾಲರ್ ದಾಟಿ, ಮುಂದಿನ ವರ್ಷ ಅದರ ಅರ್ಧಕ್ಕಿಳೀತು. ನಮ್ಮ ಚಿಕ್ಕಪ್ಪನಿಗೆ ಈ ಏರಿಳಿತ ಯಾವುದೂ ಕಾಣಲಿಲ್ಲ. ಅವರಿಗೆ ಚೀಲ ಮೊದಲು 1,200, ಆಮೇಲೆ 1,350, ಅಷ್ಟೇ. ಬೆಲೆ ಅಲುಗಾಡದ ಹಾಗೆ ಹಿಡಿದಿಟ್ಟಾಗ ಅಲುಗಾಡೋದು ಸರಬರಾಜು. ‘ರೇಟು ಹಂಗೇ ಐತೆ, ಮಾಲೇ ಇಲ್ಲ’ ಅನ್ನೋ ಅವರ ಗೊಣಗಾಟದಲ್ಲಿ ಎಂಬಿಎಯ ಒಂದು ಸೆಮಿಸ್ಟರ್ ಪಾಠ ಅಡಗಿದೆ.

ಇಷ್ಟೆಲ್ಲಾ ಓದಿ, ಆ ಕಡೆಯವರು ದುಡ್ಡಿನಲ್ಲಿ ಮುಳುಗಿರಬೇಕು ಅನ್ಸುತ್ತೆ ಅಲ್ವಾ? ಹಾಗೇನಿಲ್ಲ. ಮೂರು ಕೋಟಿ ಎಪ್ಪತ್ತು ಲಕ್ಷದ ಹತ್ತಿರ ಜನ, ಅಂದರೆ ಕರ್ನಾಟಕದ ಅರ್ಧದಷ್ಟು. ಮಾರೋದಕ್ಕಿಂತ ಕೊಳ್ಳೋದೇ ಹೆಚ್ಚು, ವರ್ಷ ವರ್ಷವೂ ವ್ಯಾಪಾರದಲ್ಲಿ ಕೊರತೆ. ಪೆಟ್ರೋಲು, ಡೀಸೆಲ್, ಗ್ಯಾಸು ಹೊರಗಿಂದ ಬರಬೇಕು. ಬರ ಬಿದ್ದ ವರ್ಷ ಗೋಧಿಯನ್ನ ಹಡಗಿನಲ್ಲಿ ತರಿಸಬೇಕು. ಕೊರತೆ ತುಂಬೋದು ಪ್ರವಾಸಿಗರು, ಮತ್ತು ಫ್ರಾನ್ಸ್, ಸ್ಪೇನ್‌ಗಳಲ್ಲಿ ದುಡಿದು ಮನೆಗೆ ದುಡ್ಡು ಕಳಿಸೋ ಮಕ್ಕಳು. ಕೇರಳದವರಿಗೆ ಕೊಲ್ಲಿ ಇದ್ದ ಹಾಗೆ ಅವರಿಗೆ ಯುರೋಪು. ತಮಾಷೆ ಅಂದರೆ ಡಿಎಪಿ ಮಾಡೋಕೆ ಬೇಕಾದ ಗಂಧಕ, ಅಮೋನಿಯಾಗಳನ್ನೂ ಅವರು ಹೊರಗಿಂದಲೇ ಕೊಳ್ಳಬೇಕು. ಹಾಗಾಗಿ ಗ್ಯಾಸ್ ಬೆಲೆ ಏರಿದರೆ ಮಾರೋ ಅವರಿಗೂ ಉರಿ, ಕೊಳ್ಳೋ ನಮಗೂ ಉರಿ.

ಕಾರುಗಳ ವಿಷಯದಲ್ಲಿ ಅವರು ಹುಷಾರಾಗಿದ್ದಾರೆ. 2007ರಲ್ಲಿ ಟ್ಯಾಂಜಿಯರ್ ಪಕ್ಕದಲ್ಲಿ ದೊಡ್ಡ ಬಂದರು ಶುರುಮಾಡಿದರು, 2012ರಲ್ಲಿ ಅದರ ಬಳಿ ರೆನೋ ಕಾರ್ಖಾನೆ ಬಂತು. ಈಗ ರಫ್ತಿನಲ್ಲಿ ಫಾಸ್ಫೇಟನ್ನೂ ಮೀರಿಸಿ ಕಾರು ಮುಂದಿದೆ. ಯುರೋಪಿನ ಹೊಸ್ತಿಲಲ್ಲಿರೋದರ ಲಾಭವನ್ನ ಕಾರಿನಲ್ಲೂ ಎತ್ತಿದರು, ನಮ್ಮ ಪ್ರಾಜೆಕ್ಟಿನಲ್ಲೂ ಎತ್ತಿದರು. ಆದರೂ ಹದಿನೈದರಿಂದ ಇಪ್ಪತ್ನಾಲ್ಕು ವಯಸ್ಸಿನ ಕೆಲಸ ಹುಡುಕೋ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸ ಇಲ್ಲ. 2030ರ ವಿಶ್ವಕಪ್ ಫುಟ್‌ಬಾಲಿಗೆ ಸ್ಟೇಡಿಯಂ ಕಟ್ಟೋ ದುಡ್ಡಲ್ಲಿ ಆಸ್ಪತ್ರೆ ಕಟ್ಟಿ ಅಂತ 2025ರಲ್ಲಿ ಹುಡುಗರು ಬೀದಿಗಿಳಿದರು.

ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಅವರ ನೀರಿನ ಕಥೆ. ಉಮ್ಮ್ ಎರ್-ರ್ಬಿಯಾ ಅನ್ನೋ ನದಿಗೆ ಕಟ್ಟಿದ ಅಲ್ ಮಸ್ಸೀರಾ ದೇಶದ ಎರಡನೇ ದೊಡ್ಡ ಜಲಾಶಯ. ವರ್ಷಗಟ್ಟಲೆ ಬರ ಬಿದ್ದು 2024ರ ಆರಂಭದಲ್ಲಿ ಹೆಚ್ಚುಕಡಿಮೆ ತಳ ಕಂಡಿತ್ತು. ಅತ್ತ ನೀರಿಲ್ಲ, ಇತ್ತ ಯುರೋಪಿನ ಸೂಪರ್‌ಮಾರ್ಕೆಟ್ಟಿಗೆ ಟೊಮೆಟೊ, ಹಣ್ಣು ಬೆಳೆದು ಕಳಿಸೋದು ನಿಂತಿಲ್ಲ. 2025ರಲ್ಲಿ ರಾಜನೇ, ಈ ಸಲ ಬಕ್ರೀದಿಗೆ ಕುರಿ ಕಡಿಯಬೇಡಿ, ಹಿಂಡು ಕರಗಿಹೋಗಿದೆ ಅಂತ ಜನರನ್ನ ಕೇಳ್ಕೊಂಡ. ಆ ವಿಷಯ ಕೇಳಿದಾಗ ಕಾಸಾಬ್ಲಾಂಕಾದ ಗೆಳೆಯ ಹೆಚ್ಚೇನೂ ಹೇಳಲಿಲ್ಲ. ‘ನಮ್ಮಜ್ಜಿ ಮನೆ ಬಾವಿ ಒಣಗಿ ಆರು ವರ್ಷ’ ಅಂದ. ಅಡಿಕೆ ಬೆಲೆ ಸಿಕ್ಕಿತು ಅಂತ ಭತ್ತದ ಗದ್ದೆಗಳನ್ನೆಲ್ಲಾ ತೋಟ ಮಾಡಿ, ಚಾನಲ್ ನೀರು ಸಾಲದೆ ಬೋರು ಕೊರೆಸ್ತಿರೋ ನಮ್ಮೂರಿನ ಸುದ್ದಿಯನ್ನ ನಾನೂ ಅವನಿಗೆ ಹೇಳಲಿಲ್ಲ.

ಇನ್ನೊಂದು ವಿಷಯ ಅವನ ಹತ್ತಿರ ಮಾತಾಡೋಕೇ ಆಗಲಿಲ್ಲ: ಪಶ್ಚಿಮ ಸಹಾರಾ. 1975ರಲ್ಲಿ ಸ್ಪೇನ್ ಬಿಟ್ಟು ಹೊರಟಾಗ ಮೊರಾಕ್ಕೊ ಅದನ್ನ ತನ್ನದೆಂದಿತು. ಅಲ್ಲಿನ ಸಹ್ರಾವಿ ಜನರಲ್ಲಿ ಬಹಳಷ್ಟು ಮಂದಿ ಇವತ್ತಿಗೂ ಅಲ್ಜೀರಿಯಾದ ನಿರಾಶ್ರಿತರ ಶಿಬಿರಗಳಲ್ಲಿದ್ದಾರೆ. ಅಲ್ಲಿನ ಬು ಕ್ರಾ ಗಣಿಯಿಂದ ಸಮುದ್ರದವರೆಗೆ ಸುಮಾರು 100 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮರಳುಗಾಡಿನ ಮೇಲೆ ಕಲ್ಲು ಹೊರುತ್ತೆ. ಅಲ್ಲಿಂದ ಹೊರಟ ಹಡಗೊಂದನ್ನ 2017ರಲ್ಲಿ ದಕ್ಷಿಣ ಆಫ್ರಿಕಾ ತಡೆಹಿಡಿದಿತ್ತು. ಭಾರತ ಆ ಜನರ ಗಣರಾಜ್ಯಕ್ಕೆ 1985ರಲ್ಲಿ ಮಾನ್ಯತೆ ಕೊಟ್ಟು, 2000ದಲ್ಲಿ ವಾಪಸ್ ತಗೊಂಡಿತು. ಇಂಡೋ ಮರೋಕ್ ಕಾರ್ಖಾನೆ ಆಸಿಡ್ ಮಾಡೋಕೆ ಶುರುಮಾಡಿದ್ದು 1999ರಲ್ಲಿ. ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಎರಡು ಇಸವಿಗಳು ಪಕ್ಕಪಕ್ಕ ಕೂತಿವೆ ಅಂತಷ್ಟೇ ಹೇಳ್ತಿದ್ದೀನಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಜೊತೆ ಒಂದು ಲೆಕ್ಕಕ್ಕೆ ಕೂತೆ. ಅಡಿಕೆ ಮರಕ್ಕೆ ವರ್ಷಕ್ಕೆ ವಿಜ್ಞಾನಿಗಳ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಹೆಚ್ಚು ಬೇಕಿರೋದು ಪೊಟ್ಯಾಷ್, ಕಡಿಮೆ ಬೇಕಿರೋದು ರಂಜಕ. 40 ಗ್ರಾಂ ರಂಜಕಕ್ಕೆ ಡಿಎಪಿ ಎಷ್ಟು ಬೇಕು? 87 ಗ್ರಾಂ, ಅಂದರೆ ಒಂದು ಹಿಡಿಯೂ ಅಲ್ಲ. 9 ಅಡಿಗೊಂದು ಗಿಡ ಅಂದರೆ ಎಕರೆಗೆ ಸುಮಾರು 540 ಮರ. ಗುಣಿಸಿದರೆ 47 ಕೆಜಿ. ಎಕರೆಗೆ ವರ್ಷಕ್ಕೆ ಒಂದೇ ಚೀಲ!

‘ನೀವು ಎಷ್ಟು ಹಾಕ್ತೀರ ಚಿಕ್ಕಪ್ಪ?’

‘ಮೂರು.’

‘ಯಾಕೆ?’

‘ಸಿಗೋದೇ ಕಷ್ಟ ಕಣೋ. ಸಿಕ್ಕಾಗ ಹಾಕ್ಬಿಡಬೇಕು. ಮುಂದಿನ್ಸಲಿ ಸಿಗದಿದ್ರೆ?’

ಈ ಉತ್ತರಕ್ಕೆ ನಗೋ ಹಾಗಿಲ್ಲ. ಕೊರತೆಯ ಭಯವೇ ಹೆಚ್ಚು ಬಳಕೆಗೆ ಕಾರಣ, ಹೆಚ್ಚು ಬಳಕೆಯೇ ಇನ್ನೊಬ್ಬನ ಕೊರತೆಗೆ ಕಾರಣ. ಲಾಕ್‌ಡೌನ್ ಘೋಷಣೆಯಾದ ದಿನ ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಹತ್ತತ್ತು ಕೆಜಿ ಅಕ್ಕಿ, ಬೇಳೆ ಹೊತ್ತು ತಂದಿದ್ದು ಇದೇ ಲೆಕ್ಕದಲ್ಲಿ.

ಇದರ ಜೊತೆ ನಮ್ಮ ಮಣ್ಣಿನದೂ ಒಂದು ಕಥೆ ಇದೆ. ಮಲೆನಾಡಿನ ಕೆಂಪು ಮಣ್ಣು ಹುಳಿ. ಅದರಲ್ಲಿರೋ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನ ಕಂಡಕೂಡಲೇ ಅಪ್ಪಿ ಹಿಡಿದು ಬಿಡ್ತವೆ, ಬೇರಿಗೆ ಸುಲಭಕ್ಕೆ ಬಿಟ್ಟುಕೊಡಲ್ಲ. ಹಾಕಿದ ಡಿಎಪಿಯ ದೊಡ್ಡ ಪಾಲು ಆ ವರ್ಷ ಗಿಡಕ್ಕೆ ಸಿಗೋದೇ ಇಲ್ಲ, ಮಣ್ಣಲ್ಲೇ ಠೇವಣಿ. ನೀರು ನಿಂತ ಭತ್ತದ ಗದ್ದೆಯಲ್ಲಿ ಆ ಹಿಡಿತ ಸ್ವಲ್ಪ ಸಡಿಲವಾಗುತ್ತೆ, ತೋಟದಲ್ಲಿ ಆಗಲ್ಲ. ವರ್ಷಾನುಗಟ್ಟಲೆ ಮೂರು ಚೀಲ ಕಂಡ ತೋಟದಲ್ಲಿ ಮೊರಾಕ್ಕೊದ ರಂಜಕ ಮಲೆನಾಡಿನ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತೆ, ಮೇಲೆ ಮರ ಹಸಿದಿದೆ ಅಂದುಕೊಂಡು ನಾವು ಇನ್ನೊಂದು ಚೀಲಕ್ಕೆ ಕ್ಯೂ ನಿಂತಿರ್ತೀವಿ. ಹುಳಿ ಮಣ್ಣಿಗೆ ಅಗ್ಗದ ಶಿಲಾರಂಜಕದ ಪುಡಿಯೇ ಸಾಕು, ಆ ಹುಳಿಯೇ ಅದನ್ನ ನಿಧಾನಕ್ಕೆ ಕರಗಿಸುತ್ತೆ. ಚಿಕ್ಕಮಗಳೂರು, ಕೊಡಗಿನ ಕಾಫಿಯವರು ಇದನ್ನ ಬಹಳ ಕಾಲದಿಂದ ಮಾಡ್ತಿದ್ದಾರೆ. ಅದರಲ್ಲೂ ಅವರು ಮೆಚ್ಚಿ ತರಿಸೋದು ಈಜಿಪ್ಟಿನ ಕಲ್ಲನ್ನ. ಉತ್ತರ ಆಫ್ರಿಕಾವನ್ನ ಪೂರ್ತಿ ತಪ್ಪಿಸಿಕೊಳ್ಳೋಕೆ ಆಗಲ್ಲ ಅನ್ನಿ.

ಚಿಕ್ಕಪ್ಪನನ್ನ ಒಪ್ಪಿಸೋಕೆ ನನ್ನ ಎಕ್ಸೆಲ್ ಶೀಟಿನಿಂದ ಆಗಲಿಲ್ಲ, ಮಣ್ಣು ಪರೀಕ್ಷೆಯ ಚೀಟಿಯಿಂದ ಆಯ್ತು. ತೋಟದ ಆರು ಕಡೆ ಅಗೆದು, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಮಾಡಿ ಕೊಟ್ಟು ಬಂದ್ವಿ. ವರದಿಯಲ್ಲಿ ರಂಜಕದ ಮುಂದೆ ‘ಹೆಚ್ಚು’ ಅಂತಿತ್ತು, ಪೊಟ್ಯಾಷ್ ಮುಂದೆ ‘ಕಡಿಮೆ’. ಚಿಕ್ಕಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು. ‘ಹಂಗಾರೆ ಇಷ್ಟು ವರ್ಷ ಮಣ್ಣಿಗೆ ಮಣ್ಣೇ ಹೊತ್ತು ಹಾಕಿದ್ನಾ’ ಅಂದರು. ನಾನು ಅದು ಎಲ್ಲಿಯ ಮಣ್ಣು ಅಂತ ಹೇಳೋಕೆ ಹೋದೆ. ಅವರು ಪೂರ್ತಿ ಕೇಳಿ, ‘ಅವರಿಗೆ ಮಳೆ ಆಯ್ತಂತಾ ಈ ವರ್ಷ?’ ಅಂತ ಕೇಳಿದರು.

ಪೂರ್ತಿ ತೋಟಕ್ಕೆ ಬಿಡೋ ಧೈರ್ಯ ಅವರಿಗಿನ್ನೂ ಇಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಚಾನಲ್ ಪಕ್ಕದ ನಾಲ್ಕು ಸಾಲಿಗೆ ಮಾತ್ರ ಡಿಎಪಿ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ, ಪೊಟ್ಯಾಷ್, ಸ್ವಲ್ಪ ಸುಣ್ಣ ಹಾಕಿದ್ದಾರೆ. ಗುರುತಿಗೆ ಮರಗಳಿಗೆ ಬಿಳಿ ಬಣ್ಣ ಬಳಿದಿದ್ದಾರೆ. ಅಡಿಕೆ ಅವಸರದ ಬೆಳೆಯಲ್ಲ, ವ್ಯತ್ಯಾಸ ಕಾಣೋಕೆ ಎರಡು ಮೂರು ಕೊಯ್ಲು ಬೇಕು. ಅಲ್ಲಿಯವರೆಗೆ ಉಳಿದ ಸಾಲುಗಳಿಗೆ ಒಂದೂವರೆ ಚೀಲ ಅಂತ ತೀರ್ಮಾನವಾಗಿದೆ. ಉಳಿದ ಒಂದೂವರೆ ಚೀಲವನ್ನ ಪಕ್ಕದ ಗದ್ದೆಯವರಿಗೆ ಬಂದ ಬೆಲೆಗೇ ಕೊಟ್ಟರಂತೆ. ಅವರದು ಭತ್ತ, ಅವರಿಗೆ ಆ ವಾರ ಸಿಕ್ಕಿರಲಿಲ್ಲ.